ಕನ್ನಡಕ್ಕೆ ಮನೆಯಲ್ಲಿ ಒಂದು ಕೆಲಸ

(ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಇಲ್ಲಿ ದೊಡ್ಡ ಮಕ್ಕಳ ತರಗತಿಗೆ ಪಾಠ ಮಾಡುತ್ತೇನೆ. ಪೋಷಕರು ನನ್ನನ್ನು ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಎರಡೇ. ಮೊದಲನೆಯದು: “ಮೇಡಂ, ನಮ್ಮ ಮಗ ಎಲ್ಲದಕ್ಕೂ ಇಂಗ್ಲಿಷ್ ಬೆರೆಸ್ತಾನೆ. ಬಾಲ್ ಥ್ರೋ ಮಾಡಿದೆ, ಹೋಮ್‌ವರ್ಕ್ ಫಿನಿಶ್ ಮಾಡಿದೆ ಅಂತಾನೆ. ಇದೂ ಒಂದು ಕನ್ನಡವಾ?” ಎರಡನೆಯದು: “ನಾವು ಕನ್ನಡದಲ್ಲೇ ಕೇಳ್ತೀವಿ, ಮಗಳು ಇಂಗ್ಲಿಷಿನಲ್ಲೇ ಉತ್ತರ ಕೊಡ್ತಾಳೆ. ಅರ್ಥ ಎಲ್ಲಾ ಆಗತ್ತೆ, ಮಾತಾಡಲ್ಲ ಅಷ್ಟೆ.” ಮೊದಲನೆಯದನ್ನು ಬಹಳ ಆತಂಕದಿಂದ ಕೇಳುತ್ತಾರೆ. ಎರಡನೆಯದನ್ನು ನಗುತ್ತಾ ಹೇಳಿ ಮುಗಿಸುತ್ತಾರೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ: ಈ ಆತಂಕವನ್ನು ಮೊದಲನೆಯದರಿಂದ ತೆಗೆದು ಎರಡನೆಯದರ ಮೇಲೆ ಇಡೋಣ. ಊರು ಬಿಟ್ಟು ಬಂದವರ ಭಾಷೆ ಬೆರಕೆಯಿಂದ ಅಳಿಯುವುದು ಅಪರೂಪ. ಮಾಡಲು ಕೆಲಸ ಇಲ್ಲದಾಗ ಅದು ಅಳಿಯುತ್ತದೆ.

ಮೊದಲು ಆ ‘ಫಿನಿಶ್ ಮಾಡಿದೆ’ಯನ್ನೇ ನೋಡೋಣ. ನಾವೆಲ್ಲ ಊರಲ್ಲಿ ಖರ್ಚು ಮಾಡಿದವರು, ಜಮಾ ಮಾಡಿದವರು, ಅಡುಗೆ ತಯಾರು ಮಾಡಿದವರು. ಖರ್ಚು, ಜಮಾ, ತಯಾರು ಇವೆಲ್ಲ ಪಾರಸಿ, ಅರಬಿಯಿಂದ ಬಂದ ಮಾತುಗಳು. ವಕೀಲ, ಅರ್ಜಿ, ಕಾನೂನು, ಜಮೀನು ಕೂಡ ಹಾಗೆಯೇ. ಚಾವಿ, ಅಲಮಾರು, ಇಸ್ತ್ರಿ, ಅನಾನಸು ಪೋರ್ಚುಗೀಸರ ಜೊತೆ ಕರಾವಳಿಗೆ ಬಂದಿಳಿದವು. ಬಂದ ಮಾತಿನ ಪಕ್ಕಕ್ಕೆ ಒಂದು ‘ಮಾಡು’ ಇಟ್ಟು, ಕೊನೆಯಲ್ಲಿ ಒಂದು ‘ಉ’ ಅಂಟಿಸಿ, ವಿಭಕ್ತಿ ಹಚ್ಚಿ, ಕನ್ನಡ ಅವನ್ನು ತನ್ನದಾಗಿಸಿಕೊಂಡಿತು. ಬಸ್ಸು, ಬಸ್ಸಿಗೆ, ಬಸ್ಸಿನಿಂದ ಎಂದು ಹೇಳುವಾಗ ನಮಗೆ ಇಂಗ್ಲಿಷ್ ಮಾತಾಡಿದ ಅನುಭವ ಆಗುವುದಿಲ್ಲ. ‘ಫಿನಿಶ್ ಮಾಡಿದೆ’ ಎನ್ನುವ ಹುಡುಗ ಇದೇ ದಾರಿಯಲ್ಲಿದ್ದಾನೆ. ಯಾರು ಮಾಡಿದ್ದು, ಯಾವಾಗ ಮಾಡಿದ್ದು ಎಂಬ ಲೆಕ್ಕವನ್ನೆಲ್ಲ ಅವನ ‘ಮಾಡಿದೆ’ ಕನ್ನಡದಲ್ಲೇ ಹೇಳುತ್ತಿದೆ. ವಾಕ್ಯದ ಮೂಳೆ ಕನ್ನಡದ್ದು.

ಈಗ ಇನ್ನೊಂದು ವಾಕ್ಯ ಕೇಳಿ: “ಅಮ್ಮ, ಐ ವಾಂಟ್ ಅನ್ನ ಅಂಡ್ ಸಾರು.” ಅಮ್ಮ, ಅನ್ನ, ಸಾರು ಮೂರೂ ಕನ್ನಡದ ಮಾತುಗಳು. ಆದರೆ ವಾಕ್ಯ ಇಂಗ್ಲಿಷ್. ಇಲ್ಲಿ ಕನ್ನಡ ಬರೀ ತಿಂಡಿ ತೀರ್ಥದ ಹೆಸರಾಗಿ ಉಳಿದಿದೆ. ‘ನನಗೆ ಅನ್ನ ಸಾರು ಬೇಕು’ ಎನ್ನುವಾಗ ಬರುವ ಆ ‘ನನಗೆ’ ಇದೆಯಲ್ಲ, ‘ನನಗೆ ಹಸಿವಾಗಿದೆ’, ‘ನನಗೆ ಗೊತ್ತು’, ‘ನನಗೆ ನಿದ್ದೆ ಬಂತು’, ಹಸಿವೂ ತಿಳಿವೂ ನಿದ್ದೆಯೂ ನಮ್ಮ ಬಳಿಗೆ ಬರುವಂತೆ ಹೇಳುವ ಕನ್ನಡದ ರೀತಿ, ಅದು ಹೋದಾಗ ಭಾಷೆ ಹೋದಂತೆ. ಹಾಗಾಗಿ ಮನೆಯಲ್ಲಿ ಕಿವಿಗೊಡುವಾಗ ಎಷ್ಟು ಇಂಗ್ಲಿಷ್ ಮಾತು ಬಂತು ಎಂದು ಎಣಿಸಬೇಡಿ. ಕ್ರಿಯಾಪದ ಯಾವ ಭಾಷೆಯದು ಎಂದು ಕೇಳಿಸಿಕೊಳ್ಳಿ.

ವಲಸೆ ಹೋದ ಮೊದಲ ಕನ್ನಡಿಗರು ನಾವೇನೂ ಅಲ್ಲ. ನೀಲಗಿರಿಯಲ್ಲಿ ಬಡಗರು ಇದ್ದಾರೆ. ಬಡಗು ಅಂದರೆ ಉತ್ತರ. ಮೈಸೂರು ಸೀಮೆಯ ಬಯಲಿನಿಂದ ಬೆಟ್ಟ ಹತ್ತಿ ಬಂದವರು ಎಂಬ ನೆನಪು ಅವರ ಕಥೆಗಳಲ್ಲಿ ಇದೆ, ಅದು ಅವರ ಹೆಸರಲ್ಲೂ ಉಳಿದಿದೆ. ಅಲ್ಲಿ ಅವರಿಗೆ ಸಿಕ್ಕ ನೆರೆಯವರು ತೋಡರು, ಕೋತರು, ಕುರುಂಬರು. ಎಮ್ಮೆ ಸಾಕುವ ತೋಡರಿಂದ ತುಪ್ಪ, ಕೋತರಿಂದ ಮಡಕೆ, ಕಬ್ಬಿಣದ ಸಾಮಾನು, ಹಬ್ಬ ಹರಿದಿನಕ್ಕೆ ವಾದ್ಯ, ಕುರುಂಬರಿಂದ ಕಾಡಿನ ಪದಾರ್ಥ. ಬಡಗರಿಂದ ಇವರೆಲ್ಲರಿಗೂ ಧಾನ್ಯ. ಈ ಕೊಡುಕೊಳೆಯಲ್ಲಿ ಬಡಗರ ಮಾತೇ ಬೆಟ್ಟದ ಮೇಲಿನ ವ್ಯವಹಾರದ ಮಾತಾಯಿತು. ಶತಮಾನಗಳಲ್ಲಿ ಅದು ಬಹಳ ಬದಲಾಯಿತು. ಎಂ. ಬಿ. ಎಮೆನೊ ಎಂಬ ಭಾಷಾವಿಜ್ಞಾನಿ 1939ರಲ್ಲಿ ಬಡಗದ ಸ್ವರಗಳ ಬಗ್ಗೆಯೇ ಒಂದು ಲೇಖನ ಬರೆದರು. ನಾಲಿಗೆ ಮಡಚಿ ಉಚ್ಚರಿಸುವ ಸ್ವರಗಳು ಅದರಲ್ಲಿವೆ, ನಮ್ಮ ಕನ್ನಡದಲ್ಲಿ ಅವು ಇಲ್ಲ. ಅದು ಕನ್ನಡದ ಒಂದು ಬಗೆಯೋ ಬೇರೆಯದೇ ಭಾಷೆಯೋ ಎಂಬ ಚರ್ಚೆ ಇನ್ನೂ ನಡೆದಿದೆ. ಆದರೆ ಅದು ಇದೆ. 2011ರ ಜನಗಣತಿಯಲ್ಲಿ ಸುಮಾರು 1.3 ಲಕ್ಷ ಜನ ಅದನ್ನು ತಮ್ಮ ತಾಯ್ನುಡಿ ಎಂದು ಬರೆಸಿದ್ದಾರೆ. ಬದಲಾದದ್ದರಿಂದ ಅದು ಸಾಯಲಿಲ್ಲ. ಊಟಕ್ಕೆ, ಮದುವೆಗೆ, ವ್ಯಾಪಾರಕ್ಕೆ ಬೇಕಾಗಿದ್ದರಿಂದ ಬದುಕಿತು.

ನಮ್ಮಲ್ಲಿಗೆ ಬಂದವರ ಕಥೆಯೂ ಇದೇ. ತಮಿಳು ಮಲಯಾಳ ಸೇರುವ ಗಡಿಯ ಕಡೆಯಿಂದ ಕರ್ನಾಟಕಕ್ಕೆ ಬಂದ ಸಂಕೇತಿಗಳು ಕೌಶಿಕದಲ್ಲಿ, ಬೆಟ್ಟದಪುರದಲ್ಲಿ, ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿ ನೆಲೆ ನಿಂತರು. ಅವರ ಭಾಷೆಗೆ ಬೇರೆ ಲಿಪಿ ಇರಲಿಲ್ಲ, ಶಾಲೆ ಇರಲಿಲ್ಲ, ಪಠ್ಯಪುಸ್ತಕ ಇರಲಿಲ್ಲ. ಓದು ಬರಹ ಎಲ್ಲ ಕನ್ನಡದಲ್ಲಿ. ಸಂಕೇತಿ ತುಂಬ ಕನ್ನಡದ ಮಾತುಗಳೇ ಸೇರಿಕೊಂಡಿವೆ. ಆದರೂ ಮನೆಯೊಳಗೆ ಅದು ಹತ್ತಾರು ತಲೆಮಾರು ನಡೆದು ಬಂತು. ಗೋವೆಯಿಂದ ದಕ್ಷಿಣಕ್ಕೆ ಬಂದ ಕೊಂಕಣಿಯೂ ಹೀಗೆಯೇ. ಕನ್ನಡ ಲಿಪಿ ತೊಟ್ಟು, ಮಂಗಳೂರು, ಉಡುಪಿ, ಕಾರವಾರಗಳ ಮನೆಗಳಲ್ಲಿ ಅದು ಬೆಳೆಯಿತು. ಸಂವಿಧಾನದ ಎಂಟನೆಯ ಅನುಸೂಚಿಗೆ ಅದು ಸೇರಿದ್ದು 1992ರಲ್ಲಿ. ಅಲ್ಲಿಯ ತನಕ ಅದನ್ನು ಕಾಪಾಡಿದ್ದು ಅಡುಗೆ ಮನೆ.

ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿದ ಅಧ್ಯಯನವೊಂದಿದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪವಾಡ ಎಂಬ ಊರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಎಂಬ ಇಬ್ಬರು ವಿದ್ವಾಂಸರು ಈ ಊರಿನ ಬಗ್ಗೆ 1971ರಲ್ಲಿ ಬರೆದರು. ಆಗ ಅಲ್ಲಿ ಸುಮಾರು ಮೂರು ಸಾವಿರ ಜನ, ನಾಲ್ಕು ಭಾಷೆ: ಜೈನರು, ಲಿಂಗಾಯತರದು ಕನ್ನಡ, ಮುಸ್ಲಿಮರದು ಉರ್ದು, ಜೊತೆಗೆ ಮರಾಠಿ, ತೆಲುಗು. ಮನೆ ಹೊರಗೆ ಒಬ್ಬರಿಗೊಬ್ಬರು ಮಾತಾಡಿ ಮಾತಾಡಿ ನಾಲ್ಕೂ ಭಾಷೆಗಳ ವಾಕ್ಯರಚನೆ ಒಂದೇ ಅಚ್ಚಿಗೆ ಬಂದಿತ್ತು. ನಾವು ‘ಇದು ನಿಮ್ಮ ಮನೆ’ ಎಂದು ಅಲ್ಲಿಗೇ ನಿಲ್ಲಿಸುತ್ತೇವೆ. ಕುಪವಾಡದ ಕನ್ನಡದಲ್ಲಿ, ಮರಾಠಿ ಉರ್ದುವಿನ ಹಾಗೆ, ಕೊನೆಗೊಂದು ‘ಐತಿ’ ಬೇಕು. ಅಲ್ಲಿನ ಮರಾಠಿಯ ಲಿಂಗ ವ್ಯವಸ್ಥೆ ಕನ್ನಡದ ಕಡೆಗೆ ವಾಲಿತ್ತು. ವ್ಯಾಕರಣವೇ ಇಷ್ಟು ಬೆರೆತರೂ ಒಂದು ಭಾಷೆಯೂ ಅಳಿದಿರಲಿಲ್ಲ, ಏಕೆಂದರೆ ಮನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಭಾಷೆಯನ್ನೇ ಆಡುತ್ತಿದ್ದರು. ಹೊರಗಿನ ಮಾತಿಗೆ ಹೊರಗೆ ಕೆಲಸವಿತ್ತು, ಮನೆಮಾತಿಗೆ ಮನೆಯಲ್ಲಿ ಕೆಲಸವಿತ್ತು. ಒಂದರ ಕೆಲಸವನ್ನು ಇನ್ನೊಂದು ಕಿತ್ತುಕೊಂಡಿರಲಿಲ್ಲ.

ಕೆಲಸ ಕಿತ್ತುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಈ ದೇಶದಲ್ಲೇ ಉದಾಹರಣೆ ಇದೆ. 1825ರಿಂದ ಒಂದು ಶತಮಾನದಲ್ಲಿ ನಾರ್ವೆಯಿಂದ ಅಮೆರಿಕಕ್ಕೆ ಸುಮಾರು ಎಂಟು ಲಕ್ಷ ಜನ ಬಂದರು. ಅವರ ಮಗನೇ ಆದ ಐನಾರ್ ಹೌಗೆನ್, ಅಯೋವಾದಲ್ಲಿ ಹುಟ್ಟಿದವರು, ಈ ಜನರ ಭಾಷೆಯ ಬಗ್ಗೆ 1953ರಲ್ಲಿ ಎರಡು ಸಂಪುಟಗಳ ದೊಡ್ಡ ಪುಸ್ತಕ ಬರೆದರು. ಹೊಲ, ಬೇಲಿ, ಅಂಗಡಿ, ಕೋರ್ಟು, ಎಲ್ಲದಕ್ಕೂ ಅವರು ಇಂಗ್ಲಿಷ್ ಮಾತು ಬೆರೆಸುತ್ತಿದ್ದರು. ಊರಿಂದ ಬಂದ ನೆಂಟರಿಗೆ ನಗು ಬರುವಷ್ಟು. ಆದರೂ ಮನೆಯಲ್ಲೂ ಚರ್ಚಿನಲ್ಲೂ ನಾರ್ವೇಜಿಯನ್ ಬೇಕಾಗಿದ್ದಷ್ಟು ಕಾಲ ಆ ಬೆರಕೆ ಭಾಷೆ ಗಟ್ಟಿಯಾಗಿಯೇ ಇತ್ತು. ಆಮೇಲೆ ಪ್ರಾರ್ಥನೆ ಇಂಗ್ಲಿಷಿಗೆ ತಿರುಗಿತು, ಮಕ್ಕಳ ಪಾಠ ಇಂಗ್ಲಿಷಿಗೆ ತಿರುಗಿತು. ಅವರ ದೊಡ್ಡ ಚರ್ಚ್ ಸಂಸ್ಥೆಯೊಂದು 1946ರಲ್ಲಿ ತನ್ನ ಹೆಸರಿನಿಂದ ‘ನಾರ್ವೇಜಿಯನ್’ ಎಂಬ ಮಾತನ್ನೇ ಕೈಬಿಟ್ಟಿತು. ಅಜ್ಜ ಅಜ್ಜಿ ಊರ ಭಾಷೆಯವರು, ಅಪ್ಪ ಅಮ್ಮ ಎರಡೂ ಬಲ್ಲವರು, ಮೊಮ್ಮಕ್ಕಳು ಇಂಗ್ಲಿಷ್ ಒಂದೇ ಬಲ್ಲವರು. ಇಲ್ಲಿಗೆ ಬಂದ ಜರ್ಮನರು, ಇಟಲಿಯವರು, ಜಪಾನಿನವರು ಎಲ್ಲರಲ್ಲೂ ಸಾಮಾನ್ಯವಾಗಿ ನಡೆದದ್ದು ಇದೇ ಮೂರು ತಲೆಮಾರಿನ ಲೆಕ್ಕ.

1965ರ ವಲಸೆ ಕಾನೂನಿನ ನಂತರ ಬಂದ ನಮ್ಮ ವೈದ್ಯರು, ಇಂಜಿನಿಯರುಗಳ ಮನೆಗಳಲ್ಲಿ ಈಗ ಮೊಮ್ಮಕ್ಕಳು ಓಡಾಡುತ್ತಿದ್ದಾರೆ. ತೊಂಬತ್ತರ ದಶಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದವರ ಮಕ್ಕಳು ಕಾಲೇಜು ಮುಗಿಸಿದ್ದಾರೆ. ಅಂದರೆ ಆ ಲೆಕ್ಕ ನಮ್ಮ ಕಾಲದಲ್ಲೇ, ನಮ್ಮ ಕಣ್ಣೆದುರೇ ನಡೆಯುತ್ತಿದೆ. ಅದು ಹೇಗೆ ನಡೆಯುತ್ತದೆ ಎಂದು ನಿಮಗೆಲ್ಲ ಗೊತ್ತು. ಮೊದಲ ಮಗು ಮೂರು ವರ್ಷದ ತನಕ ಒಳ್ಳೆಯ ಕನ್ನಡ ಆಡುತ್ತದೆ. ಡೇ ಕೇರಿಗೆ, ಶಾಲೆಗೆ ಹೋಗುತ್ತದೆ. ಎರಡನೆಯ ಮಗು ಹುಟ್ಟುವ ಹೊತ್ತಿಗೆ ದೊಡ್ಡದು ಮನೆಗೆ ಇಂಗ್ಲಿಷ್ ತಂದಿರುತ್ತದೆ, ಅಕ್ಕ ತಮ್ಮನ ಜಗಳವೂ ಆಟವೂ ಇಂಗ್ಲಿಷಿನಲ್ಲೇ. ಊರಿನ ಫೋನು ಬಂದಾಗ “ಹಾಯ್ ಅಜ್ಜಿ, ಊಟ ಆಯ್ತಾ? ಅಮ್ಮಂಗೆ ಕೊಡ್ತೀನಿ” ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅಜ್ಜಿಗೆ ಹೇಳುವುದಕ್ಕೆ ಬೇಕಾದಷ್ಟಿರುತ್ತದೆ. ಮಗುವಿಗೂ ಇರುತ್ತದೆ. ನಡುವೆ ಭಾಷೆ ಮಾತ್ರ ಇಲ್ಲ.

ಸಂಬಂಧಗಳ ಮಾತನ್ನೇ ತೆಗೆದುಕೊಳ್ಳಿ. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಎದುರು ಮನೆಯವರು, ನಾಲ್ವರೂ ಇಲ್ಲಿ ‘ಅಂಕಲ್’. ಚಿಕ್ಕಪ್ಪನ ಮಗಳು ಕನ್ನಡದಲ್ಲಿ ನನ್ನ ತಂಗಿಯೇ. ಇಂಗ್ಲಿಷಿನಲ್ಲಿ ಅವಳು ‘ಕಸಿನ್’. ಮಾತು ಬದಲಾದ ಕೂಡಲೇ ಅವಳು ಒಂದು ಮನೆ ಆಚೆಗೆ ಸರಿದುಬಿಡುತ್ತಾಳೆ. ಇದನ್ನು ಮಕ್ಕಳಿಗೆ ಒಮ್ಮೆ ಹಲಗೆಯ ಮೇಲೆ ಬರೆದು ತೋರಿಸಿದೆ. ಒಬ್ಬ ಹುಡುಗ ಎಣಿಸಿ, “ಹಾಗಾದ್ರೆ ನನಗೆ ಏಳು ಜನ ಅಕ್ಕಂದಿರು ಇದ್ದಾರೆ!” ಎಂದ. ಅವನ ಕುಟುಂಬ ಆ ಹೊತ್ತಿಗೆ ದೊಡ್ಡದಾಗಿತ್ತು. ನಾವು ಯಾರು ಎಂಬುದನ್ನು ಮಕ್ಕಳಿಗೆ ಹೇಳಿಕೊಡುವುದೆಂದರೆ ಹೀಗೆ ಎಂದು ನನಗೆ ಅನಿಸಿದೆ.

ಇನ್ನೊಂದು ಮಾತು, ಹೇಳಲು ಸ್ವಲ್ಪ ಕಷ್ಟದ್ದು. ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬಂದ ವಲಸಿಗರಲ್ಲಿ ಎಷ್ಟೋ ಜನ ಆಮೇಲೆ ಕಲಿತ ಭಾಷೆಯನ್ನು ಕಳೆದುಕೊಂಡು ಬಾಲ್ಯದ ಭಾಷೆಗೆ ಮರಳುವುದನ್ನು ವೈದ್ಯರು ಗಮನಿಸಿದ್ದಾರೆ. ಮೀಟಿಂಗಿನಲ್ಲಿ ನಿರರ್ಗಳವಾಗಿ ಇಂಗ್ಲಿಷ್ ಮಾತಾಡುವ ನಾವು, ಮುಂದೆ ಒಂದು ದಿನ ಯಾವುದೋ ಆಸ್ಪತ್ರೆಯ ಹಾಸಿಗೆಯಲ್ಲಿ ಕನ್ನಡದಲ್ಲಿ ಮಾತ್ರ ನೀರು ಕೇಳುವವರಾಗಬಹುದು. ಪಕ್ಕದಲ್ಲಿ ನಮ್ಮ ಮಗಳೋ ಮಗನೋ ಇರುತ್ತಾರೆ. ನಾವು ಏನು ಕೇಳುತ್ತಿದ್ದೇವೆ, ಎಲ್ಲಿ ನೋಯುತ್ತಿದೆ ಎಂದು ನರ್ಸಿಗೆ ತಿಳಿಸಬೇಕಾದವರು ಅವರೇ. ಕನ್ನಡ ಉಳಿಸುವುದು ನಾಡಿನ ಋಣ ಎನ್ನುತ್ತೇವೆ. ಸರಿ. ಆದರೆ ಅದು ನಮ್ಮ ನಿಮ್ಮ ಸ್ವಂತ ಅಗತ್ಯವೂ ಹೌದು.

ಹಾಗಾದರೆ ಶಾಲೆ ಏನು ಮಾಡಬಲ್ಲದು? ಅಳಿವಿನ ಅಂಚಿನ ಭಾಷೆಗಳ ಬಗ್ಗೆ ಜೀವನವಿಡೀ ಕೆಲಸ ಮಾಡಿದ ಜೋಶುವಾ ಫಿಶ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಹೇಳಿದ ಮುಖ್ಯ ವಿಷಯ ಇದು: ಭಾಷೆ ಉಳಿಯುವುದೂ ಅಳಿಯುವುದೂ ಮನೆ, ನೆರೆಹೊರೆಗಳಲ್ಲಿ ಹಿರಿಯರಿಂದ ಕಿರಿಯರಿಗೆ ದಾಟುವ ಹಂತದಲ್ಲಿ, ಆ ಹಂತ ಕೈತಪ್ಪಿದರೆ ಶಾಲೆಯೊಂದೇ ಅದನ್ನು ತುಂಬಿಕೊಡಲಾರದು. ನಮ್ಮ ತರಗತಿ ವಾರಕ್ಕೆ ಎರಡು ಗಂಟೆ. ವಾರದಲ್ಲಿ 168 ಗಂಟೆಗಳಿವೆ. ನಾವು ಅಕ್ಷರ ಕಲಿಸಬಹುದು, ಕಥೆ ಓದಿಸಬಹುದು, ನಾಟಕ ಆಡಿಸಬಹುದು. ಕನ್ನಡಕ್ಕೆ ಉದ್ಯೋಗ ಕೊಡಬೇಕಾದವರು ನೀವು.

ಅದಕ್ಕಾಗಿ ಪೋಷಕರಲ್ಲಿ ಕೆಲವು ಬೇಡಿಕೆ. ಒಂದು, ದಿನದಲ್ಲಿ ಒಂದು ಹೊತ್ತನ್ನು ಕನ್ನಡಕ್ಕೆ ಬಿಟ್ಟುಕೊಡಿ. ರಾತ್ರಿ ಊಟದ ಹೊತ್ತಾಗಲಿ, ಶಾಲೆಯಿಂದ ಕರೆತರುವ ಕಾರಿನ ಹತ್ತು ನಿಮಿಷವಾಗಲಿ. ಆ ಹೊತ್ತಿನಲ್ಲಿ ಗಂಡ ಹೆಂಡತಿಯೂ ಕನ್ನಡದಲ್ಲೇ ಮಾತಾಡಬೇಕು. ನೀವಿಬ್ಬರು ಮನೆಯ ಸಾಲ, ಆಫೀಸಿನ ತಲೆನೋವು, ಎಲ್ಲ ಮುಖ್ಯ ಸಂಗತಿಗಳನ್ನು ಇಂಗ್ಲಿಷಿನಲ್ಲಿ ಮಾತಾಡಿ, ‘ಹಲ್ಲುಜ್ಜು, ಹಾಲು ಕುಡಿ, ಬೇಗ ಹೊರಡು’ ಎಂಬುದನ್ನು ಮಾತ್ರ ಕನ್ನಡದಲ್ಲಿ ಹೇಳಿದರೆ, ಇದು ಗದರುವ ಭಾಷೆ ಎಂದು ಮಗು ಕಲಿಯುತ್ತದೆ.

ಎರಡು, ನಿಜವಾದ ಕೆಲಸ ಒಪ್ಪಿಸಿ. ಹುಳಿಗೆ ಎಷ್ಟು ಹುಣಸೆಹಣ್ಣು ಹಾಕಬೇಕು ಎಂದು ಅಜ್ಜಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳುವುದು ಮಗುವಿನ ಕೆಲಸವಾಗಲಿ. ಇಂಡಿಯನ್ ಅಂಗಡಿಯ ಚೀಟಿಯನ್ನು ಅವಳೇ ಕನ್ನಡದಲ್ಲಿ ಬರೆಯಲಿ. ಊರಿಗೆ ಹೋದಾಗ ತರಕಾರಿ ಚೌಕಾಸಿ ಅವನೇ ಮಾಡಲಿ, ಹತ್ತು ರೂಪಾಯಿ ಹೆಚ್ಚು ಕೊಟ್ಟು ಬಂದರೂ ಚಿಂತೆಯಿಲ್ಲ.

ಮೂರು, ನಗಬೇಡಿ. ಮಗು ‘ನಾಯಿ ಬಂದನು’ ಎಂದಾಗ “ಓಹೋ, ನಾಯಿ ಬಂತಾ? ಎಲ್ಲಿಗೆ ಬಂತು?” ಎಂದು ಮಾತು ಮುಂದುವರಿಸಿ, ತಿದ್ದುಪಡಿ ತಾನಾಗಿ ಕಿವಿಗೆ ಬೀಳುತ್ತದೆ. ಊರಲ್ಲಿ ನೆಂಟರು “ಅಯ್ಯೋ, ಇನ್ನೊಂದ್ ಸಲ ಹೇಳು, ಎಷ್ಟು ತಮಾಷೆಯಾಗಿದೆ” ಎಂದು ಸುತ್ತ ಸೇರಿದರೆ ಅವರನ್ನು ಮೆಲ್ಲಗೆ ತಡೆಯಿರಿ. ಹನ್ನೆರಡು ವರ್ಷದ ಮಗು ಒಮ್ಮೆ ನಾಚಿ ಬಾಯಿ ಮುಚ್ಚಿದರೆ ಮತ್ತೆ ತೆರೆಸುವುದು ಕಷ್ಟ.

ಶಿಕ್ಷಕರಿಗೂ ಒಂದೆರಡು ಮಾತು. ನಮ್ಮ ಒಂದೇ ತರಗತಿಯಲ್ಲಿ ‘ಏನ್ ಮಾಡಾಕತ್ತಿ’ ಎನ್ನುವ ಧಾರವಾಡದ ಮನೆಯೂ ‘ಎಂತ ಮಾಡ್ತಿದ್ದಿ’ ಎನ್ನುವ ಮಂಗಳೂರಿನ ಮನೆಯೂ ‘ಏನ್ ಮಾಡ್ತಿದ್ದೀಯ’ ಎನ್ನುವ ಮೈಸೂರಿನ ಮನೆಯೂ ಇವೆ. ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಮನೆಮಾತಿನ ಮಕ್ಕಳೂ ಇದ್ದಾರೆ. ಊರಿನಲ್ಲಿದ್ದಿದ್ದರೆ ಇವರು ಒಂದೇ ಬೆಂಚಿನಲ್ಲಿ ಕೂರುವುದು ಕಷ್ಟವಿತ್ತು; ವಲಸೆ ಕೂರಿಸಿದೆ. ಮಗು ಮನೆಯಿಂದ ತಂದ ಮಾತನ್ನು ತಪ್ಪೆಂದು ಅಳಿಸಬೇಡಿ. ‘ಪುಸ್ತಕದಲ್ಲಿ ಹೋಗುತ್ತಾನೆ, ಬಾಯಲ್ಲಿ ಹೋಗ್ತಾನೆ, ನಿಮ್ಮನೇಲಿ ಹೋಗ್ತಾನ’ ಎಂದು ಮೂರನ್ನೂ ಪಕ್ಕಪಕ್ಕ ಬರೆಯಿರಿ. ಕನ್ನಡಕ್ಕೆ ಬಂದ ಎಂಟು ಜ್ಞಾನಪೀಠಗಳಲ್ಲಿ ಮೂರು, ಮನೆಯಲ್ಲಿ ಬೇರೆ ಮಾತಾಡುತ್ತಿದ್ದವರಿಗೆ ಬಂದವು: ಬೇಂದ್ರೆಯವರದು ಮರಾಠಿ, ಮಾಸ್ತಿಯವರದು ತಮಿಳು, ಕಾರ್ನಾಡರದು ಕೊಂಕಣಿ. ಎರಡು ಭಾಷೆಯ ಮಗುವಿಗೆ ಯಾವುದೂ ಪೂರ್ತಿ ಬರುವುದಿಲ್ಲ ಎನ್ನುವವರಿಗೆ ಈ ಮೂರು ಹೆಸರು ಹೇಳಿ.

ನಾವಿರುವ ಈ ರಾಜ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಕ್ಯಾಲಿಫೋರ್ನಿಯಾ 1998ರಲ್ಲಿ ಮತ ಹಾಕಿ ಶಾಲೆಗಳಲ್ಲಿ ದ್ವಿಭಾಷಾ ಶಿಕ್ಷಣವನ್ನು ಬಹಳ ಮಟ್ಟಿಗೆ ತಡೆಯಿತು. ಅದೇ ರಾಜ್ಯ 2011ರಲ್ಲಿ, ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯನ್ನು ಚೆನ್ನಾಗಿ ಬಲ್ಲ ಹೈಸ್ಕೂಲು ಮಕ್ಕಳ ಡಿಪ್ಲೊಮಾ ಮೇಲೆ ವಿಶೇಷ ಮುದ್ರೆ ಹಾಕುವ ಕಾನೂನು ತಂದಿತು, ದೇಶದಲ್ಲೇ ಮೊದಲು. 2016ರಲ್ಲಿ ಹಳೆಯ ತಡೆಯನ್ನೂ ಮತ ಹಾಕಿಯೇ ತೆಗೆಯಿತು. ಕಾಲ ನಮ್ಮ ಮಕ್ಕಳ ಕಡೆಗಿದೆ. ಉಪಯೋಗಿಸಿಕೊಳ್ಳೋಣ.

ಕೊನೆಯದಾಗಿ, ಪದವೀಧರ ಮಕ್ಕಳೇ. ಮುಂದಿನ ಭಾನುವಾರ ನಿಮಗೆ ತರಗತಿ ಇಲ್ಲ. ಬೆಳಗ್ಗೆ ತಡವಾಗಿ ಏಳಬಹುದು. ಒಂದು ವಾರ ಏಳಿ, ಎರಡು ವಾರ ಏಳಿ. ಮೂರನೆಯ ವಾರ ಇಲ್ಲಿಗೆ ಬನ್ನಿ, ನಿಮಗೆ ಕೆಲಸ ಇದೆ. ಕೆಳಗಿನ ತರಗತಿಯಲ್ಲಿ ಅ ಆ ಇ ಈ ತಿದ್ದುತ್ತಿರುವ ಪುಟ್ಟ ಮಕ್ಕಳಿಗೆ ನಾವು ಹಿರಿಯರು ಹೇಳುವ ಕನ್ನಡ ಅಪ್ಪ ಅಮ್ಮನ ಭಾಷೆಯಾಗಿ ಕೇಳುತ್ತದೆ. ನೀವು ಹೇಳುವ ಕನ್ನಡ ಅಣ್ಣ ಅಕ್ಕನ ಭಾಷೆಯಾಗಿ ಕೇಳುತ್ತದೆ. ಅದನ್ನು ನಮ್ಮಿಂದ ಮಾಡಲಾಗದು. ನಿಮ್ಮ ಕನ್ನಡದಲ್ಲಿ ಇಂಗ್ಲಿಷ್ ಇರಲಿ, ಒತ್ತಕ್ಷರ ತಪ್ಪಲಿ, ಳಕಾರ ಲಕಾರವಾಗಲಿ. ಕ್ರಿಯಾಪದ ಕನ್ನಡದ್ದಿರಲಿ, ಸಾಕು.

 ಊಟದ ಸಾಲಿನಲ್ಲಿ ಮಕ್ಕಳ ಜೊತೆ ಕನ್ನಡದಲ್ಲೇ ಮಾತಾಡೋಣ.